ಹೆಸರಿನ ಪಕ್ಕದ ತೂತು

ಅದು ಶುರುವಾದದ್ದು ಮಾಗಿಯ ಚಳಿಯಲ್ಲಿ, ಸಂಕ್ರಾಂತಿ ಕಳೆದ ವಾರ, ಬೆಳಗಿನ ಐದೂವರೆಗೆ. ಪ್ರೆಸ್ಸಿನ ಹಿಂದಿನ ಅಂಗಳದಲ್ಲಿ ನಾನು ಹಗ್ಗದ ಮೇಲೆ ಪತ್ರಿಕೆ ಒಣಹಾಕುತ್ತಿದ್ದೆ. ಬೇಸಿಗೆಯಲ್ಲಾದರೆ ಹಾಳೆ ಹಗ್ಗಕ್ಕೆ ಬಿದ್ದ ಕಾಲು ಗಂಟೆಯಲ್ಲಿ ಗೊತ್ತಾಗಿಬಿಡುತ್ತದೆ, ಯಾವ ಸಾಲು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು. ಮಾಗಿಯಲ್ಲಿ ಹಾಗಲ್ಲ. ನಿಜವಾದ ಸುದ್ದಿಯೂ ನಿಧಾನವಾಗಿ ಒಣಗುತ್ತದೆ. ಬಿಸಿಲು ಗೋಡೆ ಇಳಿದು ಹಗ್ಗದವರೆಗೆ ಬರುವ ತನಕ ಕಾಯಬೇಕು. ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಂದೊಂದು ಸಾಲಿನ ಮೇಲೂ ಹಗುರವಾಗಿ ಎಳೆಯಬೇಕು. ಬೆರಳಿಗೆ ಮಸಿ ಹತ್ತಿದರೆ ಆ ಮಾತು ಸುಳ್ಳು. ಅದನ್ನು ಕತ್ತರಿಸಿ ತೆಗೆಯಬೇಕು. ಆ ಹೊತ್ತಿಗೆ ನಾನು ಈ ಕೆಲಸಕ್ಕೆ ಸೇರಿ ಇಪ್ಪತ್ತೆಂಟು ವರ್ಷವಾಗಿತ್ತು. ಶಾಲೆಗೆ ಹೋದದ್ದು ಒಂದೂವರೆ ವರ್ಷ. ಉಳಿದ ಅಕ್ಷರವನ್ನೆಲ್ಲ ಆ ಹಗ್ಗದ ಕೆಳಗೆ ನಿಂತು ಕಲಿತೆ.

ನಮ್ಮೂರಿನಲ್ಲಿ ಮಸಿ ಹಾಗೆಯೇ. ಯಾವಾಗಿನಿಂದ ಎಂದು ಯಾರಿಗೂ ಗೊತ್ತಿಲ್ಲ, ಯಾರೂ ಕೇಳುವುದೂ ಇಲ್ಲ. ಲಗ್ನಪತ್ರಿಕೆಗಳೂ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿದ್ದವು. ವರನ ಹೆಸರಿನ ಮುಂದೆ ಬಿ.ಎ. ಇರಬೇಕಾದ ಕಡೆ ತೂತಿದ್ದರೆ ಹೆಣ್ಣಿನ ಕಡೆಯವರು ಏನೂ ಅನ್ನದೆ ಇನ್ನೊಂದು ಸುತ್ತು ಮಾತುಕತೆಗೆ ಕೂರುತ್ತಿದ್ದರು. ಸತ್ತವರ ಸುದ್ದಿಯಲ್ಲಿ 'ಸರಳ ಸಜ್ಜನರು' ಎಂಬ ಮಾತನ್ನು ನಾನು ಎಷ್ಟು ಸಲ ಕತ್ತರಿಸಿದ್ದೇನೋ ಲೆಕ್ಕವಿಲ್ಲ. ಮನೆಯವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ತೂತನ್ನು ಮುಚ್ಚಿ ಹೊಸದಾಗಿ ಅಚ್ಚು ಹಾಕಿದರೆ ಇಡೀ ಹಾಳೆಯೇ ಒಣಗುತ್ತಿರಲಿಲ್ಲ. ಹಿಂದಿನ ಯಜಮಾನರು ಒಮ್ಮೆ ಹಾಗೆ ಮಾಡಿ ನೋಡಿದ್ದರಂತೆ, ಮೂರು ದಿನ ಊರಿಗೆ ಪತ್ರಿಕೆಯೇ ಇರಲಿಲ್ಲವಂತೆ.

ಕತ್ತರಿಸುವವಳಿಗೆ ಒಂದೇ ಕಟ್ಟಳೆ. ಕತ್ತರಿಸಿದ್ದನ್ನು ಬಾಯಲ್ಲಿ ಆಡಬಾರದು. ತುಂಡುಗಳನ್ನು ಬಾನಿಯ ನೀರಿಗೆ ಹಾಕಿದರೆ ಅಕ್ಷರ ಕರಗಿ ಹೋಗುತ್ತಿತ್ತು. ನಾನು ಕೆಲಸಕ್ಕೆ ಸೇರಿದ ದಿನ ಯಜಮಾನರು ಪಟ್ಟಾಭಿರಾಮಯ್ಯನವರು ದೀಪದ ಮುಂದೆ ನಿಲ್ಲಿಸಿ ಆಣೆ ಮಾಡಿಸಿದ್ದರು. ಪತ್ರಿಕೆಗೆ ಒಡೆಯರೂ ಅವರೇ, ಸಂಪಾದಕರೂ ಅವರೇ. ಅಚ್ಚಿನ ಮೊಳೆ ಜೋಡಿಸುವ ಮುನಿಸ್ವಾಮಪ್ಪನಿಗೂ ಅದೇ ಆಣೆ. ಅವನು, "ನಾನು ಅಕ್ಷರ ಜೋಡಿಸ್ತೀನಿ ಅಷ್ಟೇ, ಓದಲ್ಲ" ಎಂದು ಹೇಳಿಕೊಂಡೇ ಮುದುಕನಾದ. ನಾನು ಓದುತ್ತಿದ್ದೆ, ಹೇಳುತ್ತಿರಲಿಲ್ಲ. ನಾವು ಹೇಳದ ಕಾರಣ ಊರಿನವರಿಗೆ ಪತ್ರಿಕೆಯಲ್ಲಿ ಅಚ್ಚಿಗಿಂತ ತೂತೇ ರುಚಿಯಾಗಿತ್ತು. ಮೊದಲು ಹಾಳೆಯನ್ನು ಬೆಳಕಿಗೆ ಹಿಡಿದು ತೂತೆಲ್ಲಿದೆ ನೋಡುವುದು, ಆಮೇಲೆ ಅಲ್ಲಿ ಏನಿದ್ದಿರಬಹುದು ಎಂದು ಮಾತಾಡುವುದು, ಹೊತ್ತು ಉಳಿದರೆ ಸುದ್ದಿ ಓದುವುದು.

ದಾಕ್ಷಾಯಣಿ ನಮ್ಮ ಪತ್ರಿಕೆಗೆ ಬಂದಾಗ ಅವಳಿಗೆ ಇಪ್ಪತ್ತೆರಡು. ಹಳೆ ಕ್ಯಾಲೆಂಡರಿನ ಹಾಳೆಗಳನ್ನು ಮಡಿಸಿ ಹೊಲಿದುಕೊಂಡ ಪುಸ್ತಕ, ಒಂದು ಬಟ್ಟೆಯ ಚೀಲ, ಸ್ವಲ್ಪ ಒಡೆದ ದನಿ. ದಿನಕ್ಕೆ ಎಷ್ಟು ನಡೆಯುತ್ತಿದ್ದಳೆಂದರೆ ಅವಳ ಚಪ್ಪಲಿಗೆ ಮೂರು ತಿಂಗಳಿಗೊಮ್ಮೆ ಹೊಸ ಅಟ್ಟೆ ಬೇಕಾಗುತ್ತಿತ್ತು. ಒಳಗೆ ಇನ್ನಿಬ್ಬರು ವರದಿಗಾರರಿದ್ದರು, ಗಂಡಸರು. ಅವರಿಗೆ ಕುರ್ಚಿ ಇತ್ತು. ಇವಳು ಕಾಗದದ ಬಂಡಲಿನ ಮೇಲೆ ಕೂತು ಬರೆಯುತ್ತಿದ್ದಳು. ಅವರಿಬ್ಬರ ಸುದ್ದಿಯಲ್ಲಿ ನಾನು ವಾರಕ್ಕೆ ನಾಲ್ಕೈದು ತೂತು ಮಾಡುತ್ತಿದ್ದೆ. ಹನ್ನೊಂದು ವರ್ಷದಲ್ಲಿ ದಾಕ್ಷಾಯಣಿಯ ಸುದ್ದಿಗೆ ನಾನು ಬ್ಲೇಡು ಹಚ್ಚಿದ್ದು ಎರಡೇ ಸಲ. ಎರಡು ಸಲವೂ ಅವಳು ಬರೆದದ್ದಕ್ಕಲ್ಲ. ಅವಳ ವರದಿಯ ಕೆಳಗೆ ಯಜಮಾನರು ಗಂಡಸೊಬ್ಬನ ಹೆಸರು ಹಾಕಿದ್ದರು, ಆ ಹೆಸರು ಒಣಗಲಿಲ್ಲ. ಅಲ್ಲಿಂದ ಮುಂದೆ ಅವಳ ವರದಿಗಳು ಯಾರ ಹೆಸರೂ ಇಲ್ಲದೆ ಬಂದವು.

ಗಂಡಸು ಈ ಕೆಲಸ ಮಾಡಿದರೆ ಊರು ಅವನನ್ನು ವರದಿಗಾರರು ಎನ್ನುತ್ತಿತ್ತು, ಬಂದ್ರು, ಹೋದ್ರು ಎಂದು. ದಾಕ್ಷಾಯಣಿಯನ್ನು ಮೊದಲು ಪೇಪರ್ ಹುಡುಗಿ ಎಂದರು. ಮೂವತ್ತು ದಾಟಿದ ಮೇಲೆ ಪೇಪರ್ ಹೆಂಗಸು. ಪುರಸಭೆಯಲ್ಲಿ 'ಆ ಯಮ್ಮ'. ಪೊಲೀಸ್ ಠಾಣೆಯಲ್ಲಿ, "ಏನಮ್ಮಾ, ಮನೇಲಿ ಅಡಿಗೆ ಆಯ್ತಾ?" ಗಂಡಸು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಗಟ್ಟಿಗ. ಇವಳು ಕೇಳಿದರೆ ಬಾಯಿಬಡುಕಿ. ಸಂಜೆ ಮೇಲೆ ಮನೆಗೆ ಹೋಗುವುದನ್ನು ಕಂಡವರು ಬೀದಿ ಬಸವಿ ಎಂದದ್ದೂ ನನ್ನ ಕಿವಿಗೆ ಬಿದ್ದಿದೆ. ಪ್ರೆಸ್ಸಿನ ಒಳಗೆ ಅವಳು 'ನಮ್ಮ ಹುಡುಗಿ'. ಪ್ರೀತಿಯಿಂದಲೇ ಹೇಳುತ್ತಿದ್ದರು, ಆದರೆ ಕುರ್ಚಿ ಕೊಡಲಿಲ್ಲ. ಇವೆಲ್ಲ ಬಾಯಿಮಾತು. ಗಾಳಿಗೆ ಹೋಗುವ ಮಾತಿಗೆ ಮಸಿ ಹತ್ತುವುದಿಲ್ಲವಲ್ಲ.

ಆ ಸಲ ಅವಳು ತಂದ ಸುದ್ದಿ ಹೆರಿಗೆ ಆಸ್ಪತ್ರೆಯ ಹಾಲಿನದು. ಬಾಣಂತಿಯರಿಗೆಂದು ದಿನವೂ ಬರುತ್ತಿದ್ದ ನಾಲ್ಕು ಕ್ಯಾನು ಹಾಲಿನಲ್ಲಿ ಎರಡು ಕ್ಯಾನು ಆಸ್ಪತ್ರೆಯ ಹಿಂಬಾಗಿಲಿನಿಂದ ಪುರಸಭೆ ಅಧ್ಯಕ್ಷರ ಮನೆಗೆ ಹೋಗುತ್ತಿತ್ತು. ಉಳಿದ ಎರಡಕ್ಕೆ ನಲ್ಲಿಯ ನೀರು. ಹದಿನೇಳು ದಿನ ಅವಳು ಆ ಹಿಂಬಾಗಿಲ ಎದುರಿನ ಸೌದೆ ಅಂಗಡಿಯಲ್ಲಿ ಕೂತು ನೋಡಿದ್ದಳು. ಆಸ್ಪತ್ರೆಯ ಆಯಾ ಗಂಗಾಬಾಯಿ ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದ್ದಳು. ಇನ್ನೂ ಆರು ಜನ ಬಾಣಂತಿಯರು ಮಾತಾಡಲು ಒಪ್ಪಿದ್ದರು, ಮೊದಲು ಇದು ಅಚ್ಚಾಗಲಿ ಎಂದು ಕಾಯುತ್ತಿದ್ದರು.

ಅವಳು ಅದನ್ನು ಬರೆದು ತಂದ ದಿನ ನಾನು ಒಳಗೆ ಹಗ್ಗ ಸುತ್ತಿಡುತ್ತಿದ್ದೆ. ಯಜಮಾನರು ವರದಿ ಓದಿ ಕನ್ನಡಕ ತೆಗೆದರು.

"ಇದಕ್ಕೆ ಹೆಸರು ಬೇಕು. ಹೆಸರಿಲ್ಲದೆ ಹಾಕಿದ್ರೆ ಅಧ್ಯಕ್ಷರು ನನ್ನ ಕುತ್ತಿಗೆಗೇ ಬರ್ತಾರೆ."

"ನಂದು ಬೇಡಪ್ಪಾ" ಎಂದ ಒಬ್ಬ ವರದಿಗಾರ. "ನಮ್ಮತ್ತೆ ಮನೆ ಅವರ ಬೀದೀಲೇ ಇರೋದು."

"ನನ್ನ ತಮ್ಮನ ಕೆಲಸದ ಅರ್ಜಿ ಅವರ ಮೇಜಿನ ಮೇಲಿದೆ" ಎಂದ ಇನ್ನೊಬ್ಬ.

ಯಜಮಾನರು ಬಂಡಲಿನ ಕಡೆ ತಿರುಗಿದರು. "ನಿಂದೇ ಹಾಕೋಣ ಏನಮ್ಮಾ?"

"ಹಾಕಿ ಸಾರ್. ಹನ್ನೊಂದು ವರ್ಷದಿಂದ ಅದನ್ನೇ ತಾನೇ ಕೇಳ್ತಿರೋದು?"

ಹೊರಡುವಾಗ ಅವಳು ಅಂಗಳಕ್ಕೆ ಬಂದು ನನ್ನ ಪಕ್ಕ ನಿಂತಳು. "ನಿಂಗಾಜಕ್ಕಾ, ನಾಳೆ ನನ್ನ ಹೆಸರು ಬರುತ್ತೆ. ಒಣಗುತ್ತೆ ತಾನೇ?"

"ನಿನ್ನ ಹೆಸರೇನು ಸುಳ್ಳೇನೇ? ಹೋಗು, ಹೊಟ್ಟೆ ತುಂಬ ಉಂಡು ಮಲಕ್ಕೋ."

ಹೆಸರು ಒಣಗಿತು. ಮರುದಿನ, ನಾನು ಮೊದಲು ಹೇಳಿದ ಆ ಬೆಳಗ್ಗೆ, ಬಿಸಿಲು ಇನ್ನೂ ಗೋಡೆಯ ಮೇಲಿರುವಾಗಲೇ ಅದು ಸುಣ್ಣದ ಹಾಗೆ ಒಣಗಿಬಿಟ್ಟಿತ್ತು. ಹಾಲಿನ ಕ್ಯಾನು, ಹಿಂಬಾಗಿಲು, ಹದಿನೇಳು ದಿನ, ಅಧ್ಯಕ್ಷರ ಮನೆಯ ಬೀದಿ, ಎಲ್ಲವೂ ಒಣಗಿತು. ತಲೆಬರಹದ ಕೆಳಗೆ 'ನಮ್ಮ ವರದಿಗಾರ್ತಿ (ಹಂಗಾಮಿ) ದಾಕ್ಷಾಯಣಿ ಅವರಿಂದ' ಎಂದಿತ್ತು. ಆ ಕಂಸದೊಳಗಿನ ಮಾತನ್ನು ಅವಳು ಬರೆದಿರಲಿಲ್ಲ. ಅವಳು ಮನೆಗೆ ಹೋದ ಮೇಲೆ ಯಜಮಾನರು ಸೇರಿಸಿದ್ದರು. ಅಧ್ಯಕ್ಷರು ಕೂಗಾಡಿದರೆ, ಅಯ್ಯೋ, ಅವಳು ಹಂಗಾಮಿ ಹುಡುಗಿ, ಇವತ್ತಿದ್ದು ನಾಳೆ ಹೋಗೋಳು ಎಂದು ಕೈ ತೊಳೆದುಕೊಳ್ಳುವುದಕ್ಕೆ. ನಾನು ಬೆರಳೆಳೆದೆ. ಅದೊಂದು ಮಾತು ಬೆರಳಿಗೆ ಹತ್ತಿತು.

ಇಬ್ಬನಿ ಇರಬಹುದು ಎಂದು ಕಾದೆ. ಹಾಳೆಯನ್ನು ಬಿಸಿಲಿನ ಕಡೆಗೆ ತಿರುಗಿಸಿದೆ. ಹನ್ನೊಂದು ವರ್ಷ ಕೆಲಸ ಮಾಡಿದವಳು ಹಂಗಾಮಿ ಅಲ್ಲ ಎಂದು ನನಗೆ ಗೊತ್ತಿತ್ತು, ಮಸಿಗೂ ಗೊತ್ತಿತ್ತು. ಎಂಟು ಗಂಟೆಗೆ ಪತ್ರಿಕೆ ಮಾರುವವರು ಬಾಗಿಲು ಬಡಿದರು. ಹತ್ತು ಹತ್ತು ಹಾಳೆ ಪೇರಿಸಿಕೊಂಡು, ಮುನ್ನೂರು ಪ್ರತಿಯಿಂದಲೂ ಕಂಸದ ಸಮೇತ ಅದನ್ನು ಕತ್ತರಿಸಿ ತೆಗೆದೆ. ಹಾಳೆಯ ಹಿಂದುಗಡೆ ತುಪ್ಪದ ಜಾಹೀರಾತಿನ ಒಂದು ಮೂಲೆಯೂ ಹೋಯಿತು. ನನಗೆ ಆಗ ಒಳ್ಳೆಯ ಕೆಲಸ ಮಾಡಿದೆ ಎಂದೇ ಅನಿಸಿತ್ತು. ಸುಳ್ಳೊಂದು ಅವಳ ಮೈಮೇಲಿಂದ ಹೋಯಿತಲ್ಲ ಎಂದು.

ಒಂಬತ್ತಕ್ಕೆ ಕೆಂಚಪ್ಪನ ಹೋಟೆಲಿನ ಜಗಲಿಯಲ್ಲಿ ಟೀ ಕುಡಿಯುತ್ತಾ ಕೂತೆ. ಒಳಗೆ ಪತ್ರಿಕೆ ಬೆಳಕಿಗೆ ಏರಿತ್ತು.

"ಹೆಸರಿನ ಪಕ್ಕಾನೇ ಬಿದ್ದಿದೆ ನೋಡ್ರಯ್ಯಾ ತೂತು!"

"ಎಷ್ಟಗಲ?"

ಕೆಂಚಪ್ಪ ಪೊರಕೆಯಿಂದ ಒಂದು ಕಡ್ಡಿ ಮುರಿದು ಅಳೆದ. "ಮೂರಕ್ಷರ ಹಿಡಿಯುತ್ತೆ."

"ಬಜಾರಿ" ಎಂದ ಒಬ್ಬ. ಎಲ್ಲರೂ ನಕ್ಕರು. ಎರಡಕ್ಷರದ್ದೊಂದನ್ನು ಇನ್ನೊಬ್ಬ ಹೇಳಿದ, ಅದನ್ನು ನಾನು ಇಲ್ಲಿ ಹೇಳುವುದಿಲ್ಲ. "ಅದಾದ್ರೆ ಜಾಗ ಮಿಕ್ಕುತ್ತಲ್ಲೋ" ಎಂದು ಮತ್ತೆ ನಕ್ಕರು.

"ಥೂ, ಅಂಥಾ ಮಾತನ್ನ ಯಜಮಾನ್ರು ಅಚ್ಚು ಹಾಕ್ತಾರಾ? ಮರ್ಯಾದಸ್ಥರು ಅವರು" ಎಂದ ಅಕ್ಕಿ ಮಂಡಿಯ ಗುಮಾಸ್ತ. ಅವನು ಟೀ ಮುಗಿಸಿ ಲೋಟ ಕೆಳಗಿಟ್ಟ. "ಮದುವೆ ಆಗದ ಹೆಣ್ಣಿನ ಹೆಸರಿನ ಹಿಂದೆ ಮರ್ಯಾದಸ್ಥರು ಏನು ಹಾಕ್ತಾರೆ? ಕುಮಾರಿ ಅಂತ. ಮೂರಕ್ಷರ. ಅದನ್ನೇ ಹಾಕಿದಾರೆ."

"ಮತ್ತೆ ಒಣಗಬೇಕಿತ್ತಲ್ಲ?"

"ಒಣಗಲಿಲ್ಲವಲ್ಲ" ಎಂದ ಗುಮಾಸ್ತ.

ಒಬ್ಬ ಹಾಳೆಯನ್ನು ಮತ್ತೆ ಬೆಳಕಿಗೆ ಹಿಡಿದ. ಆಮೇಲೆ ಕೆಂಚಪ್ಪ, "ಅಯ್ಯೋ ಶಿವನೇ" ಎಂದ. ಆ ದನಿಯಲ್ಲಿ ಮರುಕವೂ ಇತ್ತು, ಖುಷಿಯೂ ಇತ್ತು. ಮಧ್ಯಾಹ್ನದೊಳಗೆ ಅದು ಊರೆಲ್ಲ ಆಯಿತು. ಕೆಟ್ಟ ಮಾತನ್ನು ಯಾರೂ ಆಡಬೇಕಾಗಲೇ ಇಲ್ಲ. ಒಂದು ಒಳ್ಳೆಯ ಮಾತನ್ನು ಆ ತೂತಿನೊಳಗಿಟ್ಟರೆ ಸಾಕಾಯಿತು. ಹಾಲಿನ ವಿಷಯ ಆ ದಿನ ಯಾರ ಬಾಯಲ್ಲೂ ಬರಲಿಲ್ಲ.

ನಾನು ಎದ್ದು ಹೋಗಿ, ಅಲ್ಲ ಕಣ್ರಪ್ಪಾ, ಅಲ್ಲಿದ್ದದ್ದು ಹಂಗಾಮಿ ಅಂತ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಲೋಟ ತೊಳೆದಿಟ್ಟು ಮನೆಗೆ ಹೋದೆ.

ನಾಲ್ಕನೆಯ ದಿನ ದಾಕ್ಷಾಯಣಿ ನಮ್ಮ ಮನೆಗೆ ಬಂದಳು. ನಾನು ಸೊಪ್ಪು ಬಿಡಿಸುತ್ತಿದ್ದೆ. ಅವಳೂ ಕೂತು ಒಂದು ಹಿಡಿ ತೆಗೆದುಕೊಂಡು ಬಿಡಿಸತೊಡಗಿದಳು.

"ಗಂಗಾಬಾಯಿ ಬಾಗಿಲು ತೆಗೀಲಿಲ್ಲ ಅಕ್ಕ. ಒಳಗಿಂದಾನೇ ಹೇಳಿದ್ಲು, ನಿನ್ನ ಹೆಸರಿಗೇ ತೂತು ಬಿದ್ದಿರೋವಾಗ ನನ್ನ ಮಾತು ಯಾರು ನಂಬ್ತಾರೆ, ಇದ್ದ ಕೆಲಸಾನೂ ಹೋಗುತ್ತೆ ಅಂತ. ಆ ಆರು ಜನಾನೂ ಅಷ್ಟೇ. ಒಬ್ಬಳ ಅತ್ತೆ ಮಗೂನ ಸೆರಗಿನೊಳಗೆ ಮುಚ್ಚಿಕೊಂಡ್ಲು, ನನ್ನ ನೆರಳು ಬೀಳುತ್ತೆ ಅಂತ."

ನಾನು ಇನ್ನೊಂದು ಕಂತೆ ಬಿಚ್ಚಿದೆ.

"ಅಮ್ಮ ನನ್ನ ಮುಖ ನೋಡ್ತಿಲ್ಲ. ಅವಳೂ ಓದಿದಾಳೆ, ಅಂದ್ರೆ ನೋಡಿದಾಳೆ. ಅಲ್ಲಿ ಏನಿತ್ತು ಅಕ್ಕ?"

"ಯಜಮಾನ್ರನ್ನ ಕೇಳು."

"ಕೇಳ್ದೆ. ಕಟ್ಟಳೆ ಅಂದ್ರು. ಮುನಿಸ್ವಾಮಪ್ಪನ್ನೂ ಕೇಳ್ದೆ, ನಾನು ಓದಲ್ಲ ಅಂದ. ಊರಲ್ಲಿ ಇನ್ನು ಉಳಿದಿರೋದು ನೀವೊಬ್ರೇ. ನನ್ನ ಕಿವೀಲಿ ಹೇಳಿ ಸಾಕು. ನಾನು ಯಾರಿಗೂ ಹೇಳಲ್ಲ."

ನಾನು ಇಪ್ಪತ್ತೆಂಟು ವರ್ಷ ಬಾಯಿ ಮುಚ್ಚಿದವಳು. ಅದನ್ನೇ ನನ್ನ ದೊಡ್ಡತನ ಎಂದುಕೊಂಡಿದ್ದೆ. ನಿಂಗಾಜಮ್ಮನ ಬಾಯಿಂದ ಒಂದು ಅಕ್ಷರ ಹೊರಡಲ್ಲ ಎಂದು ಊರಿನವರು ಹೇಳುವಾಗ ನನಗೆ ಹಿತವಾಗುತ್ತಿತ್ತು. ಆ ಕೆಲಸ ಬಿಟ್ಟರೆ ಬೇರೆ ಯಾವುದೂ ನನಗೆ ಬರುತ್ತಲೂ ಇರಲಿಲ್ಲ. "ಆಣೆ ಇದೆ ಕಣೇ" ಎಂದೆ. ಅವಳು ಬಿಡಿಸಿದ ಸೊಪ್ಪನ್ನು ಮೊರಕ್ಕೆ ಹಾಕಿ, ಕಡ್ಡಿಗಳನ್ನು ಆರಿಸಿ ಒಂದು ಕಡೆ ಇಟ್ಟು, ಎದ್ದು ಹೋದಳು.

ಅವಳು ಪ್ರೆಸ್ಸಿಗೆ ಬರುವುದನ್ನು ನಿಲ್ಲಿಸಲಿಲ್ಲ. ದಿನವೂ ಬಂದು ಯಜಮಾನರ ಮೇಜಿನ ಮುಂದೆ ನಿಂತು ಒಂದೇ ಮಾತು ಕೇಳುತ್ತಿದ್ದಳು: ಅಲ್ಲಿ ಏನಿತ್ತು ಎಂದು ಅಚ್ಚು ಹಾಕಿ, ನಿಜವಾದರೆ ಒಣಗುತ್ತದೆ, ನಾನು ಮತ್ತೆ ಹಾಲಿನ ಕೆಲಸ ಹಿಡಿಯುತ್ತೇನೆ. ಯಜಮಾನರು ಕೆಟ್ಟವರೇನಲ್ಲ. ಅವರಿಗೂ ಸಂಕಟವಾಗುತ್ತಿತ್ತು. ಎರಡು ವಾರ ಕಳೆದ ಮೇಲೆ, ಅವಳಿಲ್ಲದ ಹೊತ್ತಿನಲ್ಲಿ, ನನ್ನನ್ನು ಕರೆದು, "ಒಂದು ಸ್ಪಷ್ಟನೆ ಹಾಕ್ತೀನಿ ನಿಂಗಾಜಮ್ಮ. ಪಾಪ, ಹುಡುಗಿ" ಎಂದರು.

"ಇದ್ದದ್ದನ್ನೇ ಹಾಕಿಬಿಡಿ ಯಜಮಾನ್ರೇ. ಹಂಗಾಮಿ ಅಂತಿತ್ತು ಅಂತ."

ಅವರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಹಾಕಿದ್ರೆ ಅದು ಯಾಕೆ ಒಣಗಲಿಲ್ಲ ಅಂತ ಕೇಳಲ್ವಾ ಊರು? ಅವಳು ಹಂಗಾಮಿ ಅಲ್ಲ ಅಂತ ಆಗುತ್ತೆ. ಆಮೇಲೆ ಅವಳು ಬರೆದದ್ದಕ್ಕೆಲ್ಲ ನಾನೇ ಅಧ್ಯಕ್ಷರ ಮುಂದೆ ನಿಲ್ಲಬೇಕು. ಬೇಡ. ಮೆತ್ತಗೆ ಒಂದು ಮಾತು ಹಾಕ್ತೀನಿ."

ಮರುದಿನ ಹಗ್ಗದ ಮೇಲೆ ಆ ಮೆತ್ತಗಿನ ಮಾತು ಬಂತು. 'ಸ್ಪಷ್ಟನೆ. ನಮ್ಮ ವರದಿಗಾರ್ತಿ ದಾಕ್ಷಾಯಣಿ ಅವರ ಹೆಸರಿನ ಪಕ್ಕದಲ್ಲಿ ಈಚೆಗೆ ಕತ್ತರಿಸಲಾದ ಜಾಗದಲ್ಲಿ, ಅವರಿಗೆ ಅವಮಾನವಾಗುವಂಥ ಮಾತೇನೂ ಇರಲಿಲ್ಲ.' ಚಳಿ ಕಡಿಮೆಯಾಗಿತ್ತು. ಬಿಸಿಲು ಬೇಗ ಬಂತು. ನಾನು ಬೆರಳೆಳೆದೆ. 'ಕತ್ತರಿಸಲಾದ ಜಾಗದಲ್ಲಿ' ಎನ್ನುವವರೆಗೆ ಒಣಗಿತ್ತು. ಅಲ್ಲಿಂದ ಮುಂದಕ್ಕೆ ಬೆರಳು ಕಪ್ಪಾಯಿತು.

ಕಾದೆ. ಒಂದು ಪ್ರತಿಯನ್ನು ಬೆಚ್ಚಗಿನ ಒಲೆಯ ಕಲ್ಲಿನ ಮೇಲೆ ಹಾಸಿದೆ. ಇನ್ನೊಂದಕ್ಕೆ ಸೆರಗಿನಿಂದ ಗಾಳಿ ಹಾಕಿದೆ. ಯಜಮಾನರು ತಾವೇ ಅಂಗಳಕ್ಕೆ ಇಳಿದು ಬಂದು ಮುಟ್ಟಿ ನೋಡಿದರು. ಆ ಇಪ್ಪತ್ತೆಂಟು ವರ್ಷದಲ್ಲಿ ಅವರು ಹಗ್ಗದ ಹತ್ತಿರ ಬಂದದ್ದು ಅದೇ ಮೊದಲು. ತಮ್ಮ ಬೆರಳನ್ನೇ ಬಹಳ ಹೊತ್ತು ನೋಡಿಕೊಂಡರು. ಪಂಚೆಗೆ ಒರೆಸಿಕೊಳ್ಳಲು ಹೋಗಿ, ಬಿಟ್ಟರು.

"ಹಂಗಾಮಿ ಅನ್ನೋದ್ರಲ್ಲಿ ಅವಮಾನ ಏನಿದೆ?" ಎಂದರು. ನನ್ನನ್ನು ಕೇಳಿದರೋ, ಹಾಳೆಯನ್ನು ಕೇಳಿದರೋ.

ನಾನು ಹಾಳೆಯನ್ನು ಮತ್ತೆ ಹಗ್ಗಕ್ಕೆ ಹಾಕಿದೆ.

"ಕತ್ತರಿಸು" ಎಂದು ಒಳಗೆ ಹೋದರು.

ಒಂದೂವರೆ ಸಾಲು. ಮುನ್ನೂರು ಪ್ರತಿ. ಅಷ್ಟು ಉದ್ದದ ತೂತನ್ನು ಊರು ಬಹಳ ದಿನದಿಂದ ಕಂಡಿರಲಿಲ್ಲ. ಕೆಂಚಪ್ಪನ ಹೋಟೆಲಿನಲ್ಲಿ ಈ ಸಲ ಪೊರಕೆಕಡ್ಡಿ ಬೇಕಾಗಲಿಲ್ಲ. ಮೇಲೆ ಸ್ಪಷ್ಟನೆ ಎಂದಿದೆ, ಅವಳ ಹೆಸರಿದೆ, ಕತ್ತರಿಸಿದ ಜಾಗದಲ್ಲಿ ಎಂದಿದೆ, ಆಮೇಲೆ ಬೆಳಕು. "ಪಾಪ, ಯಜಮಾನ್ರು ಅವಳು ಒಳ್ಳೇವಳು ಅಂತ ಹೇಳೋಕೆ ನೋಡಿದಾರೆ. ಮಸಿ ಒಪ್ಪಲಿಲ್ಲ" ಎಂದ ಗುಮಾಸ್ತ. ಯಾರೂ ನಗಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು ಎನ್ನುವ ಹಾಗೆ ಅವರವರ ಲೋಟ ಅವರವರು ಎತ್ತಿಕೊಂಡರು.

ದಾಕ್ಷಾಯಣಿ ಹತ್ತು ಗಂಟೆಗೆ ಅಂಗಳಕ್ಕೆ ಬಂದಳು. ನಾನು ಬಾನಿಯ ಪಕ್ಕದಲ್ಲಿ ಕೂತಿದ್ದೆ, ನೀರು ಕಪ್ಪಾಗಿತ್ತು. ಅವಳು ಕೇಳಲಿಲ್ಲ. ನಾನೇ ಹೇಳಿದೆ.

"ಹಂಗಾಮಿ ಅಂತಿತ್ತು ಕಣೇ."

"ಏನು?"

"ಹಂಗಾಮಿ. ಅಷ್ಟೇ. ಇನ್ನೇನೂ ಇರಲಿಲ್ಲ."

ಅವಳಿಗೆ ನಗು ಬಂತು. ನಗುತ್ತಾ ನಗುತ್ತಾ ನೆಲದ ಮೇಲೆ ಕೂತಳು. ಆಮೇಲೆ ಬಾನಿಯ ನೀರನ್ನು ನೋಡಿದಳು. "ಇವತ್ತು ಏನು ಹಾಕಿದ್ರು?"

ಅದನ್ನೂ ಹೇಳಿದೆ, ಅಕ್ಷರ ಬಿಡದೆ.

"ಅವಮಾನ ಇಲ್ಲ ಅಂದದ್ದು ಒಣಗಲಿಲ್ಲ ಅಲ್ವಾ ಅಕ್ಕ?"

"ಇಲ್ಲ ಕಣವ್ವ. ಒಲೆ ಮೇಲೆ ಹಾಕಿದ್ರೂ ಒಣಗಲಿಲ್ಲ."

"ಸದ್ಯ" ಎಂದಳು. "ಮಸಿಗಾದ್ರೂ ಗೊತ್ತಾಯ್ತಲ್ಲ."

ಆಮೇಲೆ ಸಿಟ್ಟಿಲ್ಲದೆ ಕೇಳಿದಳು. "ಆವತ್ತು ಸೊಪ್ಪು ಬಿಡಿಸುವಾಗ ಯಾಕೆ ಹೇಳಲಿಲ್ಲ?"

ನಾನು ಬಾನಿಯನ್ನು ಬಗ್ಗಿಸಿ ಕಪ್ಪು ನೀರನ್ನು ಚೆಲ್ಲಿದೆ.

ಆಣೆ ಹೇಗೂ ಮುರಿದಿತ್ತು. ಆ ಸಂಜೆ ನಲ್ಲಿಯ ಹತ್ತಿರ ಕೊಡ ಇಟ್ಟು ಎಲ್ಲ ಹೆಂಗಸರಿಗೂ ಹೇಳಿದೆ, ಅಲ್ಲಿದ್ದದ್ದು ಕುಮಾರಿ ಅಲ್ಲ, ಹಂಗಾಮಿ ಎಂದು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂಲೆ ಮನೆಯ ಪುಟ್ಟತಾಯಮ್ಮ ನನ್ನ ಭುಜ ತಟ್ಟಿದಳು.

"ನಿಮ್ಮದು ದೊಡ್ಡ ಮನಸ್ಸು ಕಣಕ್ಕ. ಹೆಣ್ಣುಮಗಳ ಮಾನ ಉಳಿಸೋಕೆ ಸುಳ್ಳು ಹೇಳೋದ್ರಲ್ಲಿ ತಪ್ಪಿಲ್ಲ."

"ಸುಳ್ಳಲ್ಲ ಕಣೇ!"

"ಆಯ್ತು ಬಿಡಿ. ಇಷ್ಟು ವರ್ಷ ಒಂದು ಮಾತೂ ಆಡದವರು ಇವತ್ತು ಆಡ್ತಿದ್ದೀರ ಅಂದ್ರೆ ನಮಗೆ ಅರ್ಥ ಆಗಲ್ವಾ? ಬರೀ ಹಂಗಾಮಿ ಅಂತಿದ್ರೆ ಅದಕ್ಕೆ ಇಷ್ಟೆಲ್ಲಾ ಆಗ್ತಿತ್ತಾ?"

ನನ್ನ ಕೊಡ ತುಂಬಿ ಹರಿಯುತ್ತಿತ್ತು. ಅವಳೇ ನಲ್ಲಿ ನಿಲ್ಲಿಸಿದಳು. ನಾನು ಹೇಳಿದೆ ಎಂದು ಯಜಮಾನರಿಗೂ ಗೊತ್ತಾಯಿತು. ಯಾರೂ ನಂಬಿಲ್ಲ ಎಂದೂ ಗೊತ್ತಾಗಿ ಸುಮ್ಮನಾದರು. ನನ್ನ ಕೆಲಸ ಉಳಿಯಿತು.

ದಾಕ್ಷಾಯಣಿ ಇನ್ನೊಂದು ವಾರ ಇದ್ದಳು. ಆಸ್ಪತ್ರೆಯ ಬೀದಿಗೆ ದಿನವೂ ಹೋಗಿ ಬಂದಳು. ಯಾರೂ ಬಾಗಿಲು ತೆಗೆಯಲಿಲ್ಲ. ಎರಡು ಕ್ಯಾನು ಹಾಲು ಹಿಂಬಾಗಿಲಿನಿಂದ ಹೋಗುತ್ತಲೇ ಇತ್ತು. ಈಗ ಅದನ್ನು ಹೊರುವವರು ಬಟ್ಟೆ ಮುಚ್ಚುವ ಗೋಜಿಗೂ ಹೋಗುತ್ತಿರಲಿಲ್ಲವಂತೆ. ಬೇರೆ ಊರಿನ ಪತ್ರಿಕೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಹೊರಡುವ ದಿನ ಬಸ್ಸಿನ ಹತ್ತಿರ ನಾನೊಬ್ಬಳೇ ಇದ್ದೆ. ಅವಳ ತಾಯಿ ಬರಲಿಲ್ಲ.

"ಅಲ್ಲಿ ಏನು ಬರೆದ್ರೂ ಒಣಗುತ್ತಂತೆ ಅಕ್ಕ" ಎಂದಳು, ಕಿಟಕಿಯಿಂದ. "ನಿಜಾನೂ ಅಷ್ಟೇ, ಸುಳ್ಳೂ ಅಷ್ಟೇ."

"ಹಂಗಾದ್ರೆ ಚೆನ್ನಾಗೇ ಆಯ್ತಲ್ಲ. ತೂತೇ ಇರಲ್ಲ."

"ಹೌದು" ಎಂದಳು. "ಏನಂತ ಕರೀತಾರೋ ಅದೇ ಉಳಿಯುತ್ತೆ."

ಬಸ್ಸು ಹೊರಟಿತು. ಕೈ ಬೀಸಬೇಕೆಂದು ನನಗೆ ಹೊಳೆಯುವಷ್ಟರಲ್ಲಿ ಅದು ತಿರುವು ದಾಟಿತ್ತು. ಅವಳು ಹೋದದ್ದು ಶಿವರಾತ್ರಿಗೆ ನಾಲ್ಕು ದಿನ ಮೊದಲು, ಗುರುವಾರ. ಶುಕ್ರವಾರ ನಾನು ಕೆಲಸಕ್ಕೆ ಹೋದೆ.